ಗಂಟಿನ ಊರು ಕೇಳುತ್ತಿದ್ದ ಡಾಕ್ಟರು

ಡಾಕ್ಟರು ತೀರಿಕೊಂಡ ಸುದ್ದಿಯನ್ನು ಅವರ ಸೊಸೆ ಧಾರವಾಡದಿಂದ ಕಾಗದ ಬರೆದು ತಿಳಿಸಿದರು. ಮಧ್ಯಾಹ್ನ ಊಟ ಮುಗಿಸಿ ಕುರ್ಚಿಯಲ್ಲಿ ಕೂತಿದ್ದರಂತೆ, ಕೂತಲ್ಲೇ ಪ್ರಾಣ ಹೋಯಿತಂತೆ. ವಯಸ್ಸಾಗಿತ್ತು, ಸಾವಿನ ಮಾತು ನನಗೆ ಅನಿರೀಕ್ಷಿತವಾಗಿರಲಿಲ್ಲ. ನಂಬಲಾಗದೆ ಹೋದದ್ದು ಕುರ್ಚಿಯ ಮಾತು. ಹನ್ನೊಂದು ವರ್ಷ ಅವರ ಜೊತೆ ಕೆಲಸ ಮಾಡಿದವಳು ನಾನು. ಅವರು ಚಹಾ ಕುಡಿಯುತ್ತಿದ್ದದ್ದು ನಿಂತು. ರೋಗಿಯ ಕಾಗದವನ್ನು ಗೋಡೆಗೆ ಒತ್ತಿ ಹಿಡಿದು ಬರೆಯುತ್ತಿದ್ದರು. ಆ ಗೋಡೆಯ ಸುಣ್ಣದ ಮೇಲೆ ಅವರ ಪೆನ್ನಿನ ಮಸಿ ಹತ್ತಿ ಹತ್ತಿ ಒಂದು ನೀಲಿ ಮೋಡವೇ ಆಗಿತ್ತು.

ನಮ್ಮದು ದಾಂಡೇಲಿಯಿಂದ ಹಳಿಯಾಳದ ಕಡೆಗೆ ಹೋಗುವ ರಸ್ತೆಯಲ್ಲಿದ್ದ ಒಂದು ಧರ್ಮಾರ್ಥ ಆಸ್ಪತ್ರೆ. ಇಪ್ಪತ್ತು ಹಾಸಿಗೆ, ಒಂದು ಆಪರೇಷನ್ ಕೋಣೆ, ಮಳೆಗಾಲದಲ್ಲಿ ಇದ್ದಕ್ಕಿದ್ದಂತೆ ಹೋಗುವ ಕರೆಂಟು. ಹುಬ್ಬಳ್ಳಿಯಲ್ಲಿ ನರ್ಸಿಂಗ್ ಕಲಿತು, ಐವತ್ತರ ದಶಕ ಮುಗಿಯುವ ಹೊತ್ತಿಗೆ ನಾನು ಅಲ್ಲಿಗೆ ಹೋದೆ. ಕಾಗದದ ಕಾರ್ಖಾನೆಗೆ ಕೆಲಸಕ್ಕೆಂದು ಧಾರವಾಡ, ಬೆಳಗಾವಿ ಕಡೆಯಿಂದ ಬಂದ ಸಂಸಾರಗಳು, ಬಿದಿರು ಕಡಿಯುವವರು, ಕಾಡಿನ ಒಳಗಿನ ಊರುಗಳಿಂದ ಒಂದು ದಿನ ಮುಂಚೆಯೇ ಹೊರಟು ನಡೆದು ಬರುವವರು, ಉಳವಿಯ ಜಾತ್ರೆಗೆ ಹೋಗಿ ಬರುವಾಗ ಜ್ವರ ಹತ್ತಿಸಿಕೊಂಡವರು, ಎಲ್ಲರಿಗೂ ಶಸ್ತ್ರಚಿಕಿತ್ಸೆಗೆ ಅವರೊಬ್ಬರೇ.

ವಾರಕ್ಕೊಮ್ಮೆ ಅವರು ಸೂಪಾಕ್ಕೆ ಹೋಗಿ ರೋಗಿಗಳನ್ನು ನೋಡುತ್ತಿದ್ದರು. ನಾನೂ ಜೊತೆಗಿರುತ್ತಿದ್ದೆ. ದಾರಿಯಲ್ಲಿ ಬಸ್ಸು ರೇಡಿಯೇಟರಿಗೆ ನೀರು ಹಾಕಲು ನಿಂತರೆ ಸಾಕು, ಅವರು ಇಳಿದು ಮುಂದಕ್ಕೆ ನಡೆಯತೊಡಗುತ್ತಿದ್ದರು. ಆಮೇಲೆ ಬಸ್ಸೇ ಅರ್ಧ ಮೈಲಿ ದೂರದಲ್ಲಿ ಅವರನ್ನು ಹತ್ತಿಸಿಕೊಳ್ಳಬೇಕು. ದಟ್ಟ ಕಾಡು, ಕಾಡುಕೋಣ ಅಡ್ಡ ಬರುವ ರಸ್ತೆ. ಕಂಡಕ್ಟರು ಬೇಡವೆಂದು ಹೇಳಿ ಹೇಳಿ ಸೋತಿದ್ದ. ಕಾಡುಕೋಣವೂ ತನ್ನ ಹಾಗೆಯೇ, ಒಂದು ಕಡೆ ನಿಲ್ಲುವುದಿಲ್ಲ, ಹೋಗಿಬಿಡುತ್ತದೆ ಎಂದು ಡಾಕ್ಟರು ಅವನಿಗೆ ಸಮಾಧಾನ ಹೇಳುತ್ತಿದ್ದರು.

ನಾನು ಸೇರಿದ ಹೊಸದರಲ್ಲಿ ಅವರ ಗಡಿಬಿಡಿಗೆ ಒಂದು ಹೆಮ್ಮೆ ಇತ್ತು. ಹರ್ನಿಯಾ ಇಷ್ಟು ನಿಮಿಷ, ಹೈಡ್ರೋಸಿಲ್ ಇಷ್ಟು ನಿಮಿಷ ಎಂದು ಗೋಡೆಯ ಗಡಿಯಾರ ನೋಡಿ ಹೇಳುತ್ತಿದ್ದರು. ಕೈ ಚಳಕ ಇದ್ದದ್ದು ನಿಜ. ಒಳಗಿದ್ದ ನಮಗೂ ಆ ವೇಗದ ಹುಚ್ಚು ಹತ್ತಿತ್ತು. ನಾನು ಚಿಮುಟ ಕೊಡುವುದು ಒಂದು ಕ್ಷಣ ತಡವಾದರೆ ಅವರ ಬೆರಳುಗಳು ಗಾಳಿಯಲ್ಲಿ ತಾಳ ಹಾಕುತ್ತಿದ್ದವು.

ಆ ಹೆಮ್ಮೆ ಮುರಿದದ್ದು ನಿಂಗಪ್ಪನ ಕೈಯಿಂದ.

ನಿಂಗಪ್ಪ ನಮ್ಮ ಆಸ್ಪತ್ರೆಗೆ ಬರುತ್ತಿದ್ದ ಕ್ಷೌರಿಕ. ಆಪರೇಷನ್ನಿಗೆ ಮುಂಚೆ ರೋಗಿಯ ಮೈಮೇಲಿನ ಕೂದಲು ತೆಗೆದು ಜಾಗ ಸ್ವಚ್ಛ ಮಾಡುವುದು ಅವನ ಕೆಲಸ. ಉಳಿದ ಹೊತ್ತು ಬಜಾರಿನಲ್ಲಿ ಅವನ ಅಂಗಡಿ. ಹೆಂಡತಿ, ಮೂವರು ಹೆಣ್ಣುಮಕ್ಕಳು. ಅವನ ಬಲ ತೋಳಿನ ಹೊರಬದಿಯಲ್ಲಿ, ಮೊಣಕೈಗಿಂತ ಒಂದು ಗೇಣು ಮೇಲೆ, ಅಡಿಕೆಯಷ್ಟು ಗಂಟು ಇತ್ತು. ನೋವಿರಲಿಲ್ಲ. ಅಂಗಿಯ ತೋಳು ತಾಗಿದಾಗ ಒಂಥರಾ ಜುಮ್ಮೆನ್ನುತ್ತದೆ ಎಂದು ಒಂದು ದಿನ ತೋರಿಸಿದ. ಡಾಕ್ಟರು ನಡೆಯುತ್ತಲೇ ಅದನ್ನು ಒತ್ತಿ ನೋಡಿ, ಕೊಬ್ಬಿನ ಗಂಟು, ಮಧ್ಯಾಹ್ನ ಬಂದರೆ ತೆಗೆದುಹಾಕುತ್ತೇನೆ ಎಂದರು.

ಜಾಗ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಚರ್ಮ ಸೀಳಿದರು. ಗಂಟಿಗೆ ಚಿಮುಟ ಹಾಕಿ ಎಳೆದಾಗ ನಿಂಗಪ್ಪ, "ಹೆಬ್ಬೆಟ್ಟಿನ ಬುಡಕ್ಕ ಕರೆಂಟ್ ಹೊಡದಂಗ ಆತ್ರಿ" ಎಂದ. ಡಾಕ್ಟರು ಇನ್ನೊಂದು ಸಲ ಇಂಜೆಕ್ಷನ್ ಹಾಕಿದರು. ಗಂಟಿನ ಮೇಲೂ ಕೆಳಗೂ ಹುರಿಯಂಥದ್ದೇನೋ ಅಂಟಿಕೊಂಡಿತ್ತು. ಎರಡೂ ಕಡೆ ಕತ್ತರಿಸಿ ಗಂಟನ್ನು ತೆಗೆದು ಬಾಟಲಿಗೆ ಹಾಕಿದರು. ಎಲ್ಲ ಸೇರಿ ಹನ್ನೆರಡು ನಿಮಿಷ.

ಸಂಜೆ ನಿಂಗಪ್ಪನಿಗೆ ಚಹಾ ಕೊಟ್ಟಾಗ ಕಪ್ಪು ಜಾರಿತು. ಕೈ ಮಣಿಕಟ್ಟಿನಲ್ಲಿ ಬಾಡಿದ ಎಲೆಯ ಹಾಗೆ ಜೋತುಬಿದ್ದಿತ್ತು. ಇಂಜೆಕ್ಷನ್ನಿನ ಪರಿಣಾಮ, ಇಳಿಯುತ್ತದೆ ಎಂದುಕೊಂಡು ಆ ರಾತ್ರಿ ವಾರ್ಡಿನಲ್ಲೇ ಮಲಗಿಸಿದೆವು. ಮರುದಿನ ಬೆಳಿಗ್ಗೆಯೂ ಕೈ ಏಳಲಿಲ್ಲ. ಡಾಕ್ಟರು ಬಾಟಲಿಯಿಂದ ಗಂಟನ್ನು ಹೊರತೆಗೆದು ಕಿಟಕಿಯ ಬೆಳಕಿಗೆ ಹಿಡಿದರು. ಕತ್ತರಿಸಿದ ತುದಿಗಳಲ್ಲಿ ಸೂಜಿಗೆ ಪೋಣಿಸುವ ದಾರದಂಥ ಎಳೆಗಳು ಒತ್ತೊತ್ತಾಗಿ ಕಾಣಿಸುತ್ತಿದ್ದವು. ಅದು ನರ. ಗಂಟು ಬೆಳೆದದ್ದು ನರದ ಹೊದಿಕೆಯಲ್ಲಿ. ಎಷ್ಟೋ ದಿನಗಳ ಮೇಲೆ ಬಂದ ಪ್ರಯೋಗಾಲಯದ ವರದಿಯೂ ಅದನ್ನೇ ಹೇಳಿತು. ಅಪರೂಪದ ಗೆಡ್ಡೆ, ಕ್ಯಾನ್ಸರ್ ಅಲ್ಲ, ಜೀವಕ್ಕೆ ಅಪಾಯವಿಲ್ಲ. ಅಂದರೆ ಅದು ಇದ್ದಲ್ಲೇ ಇದ್ದರೂ ನಡೆಯುತ್ತಿತ್ತು. ತೆಗೆಯುವುದಾದರೆ ನರವನ್ನು ಉಳಿಸಿ ತೆಗೆಯಬಹುದಿತ್ತು.

ಅವರು ನಿಂಗಪ್ಪನ ಹಾಸಿಗೆಯ ಹತ್ತಿರ ಹೋಗಿ, ತಪ್ಪು ತನ್ನದು ಎಂದು ನೇರವಾಗಿ ಹೇಳಿದರು. ಆ ವಾರವೇ ಮತ್ತೆ ಬಿಚ್ಚಿ ನರದ ತುದಿಗಳನ್ನು ಕೂಡಿಸಲು ನೋಡಿದರು. ನಡುವಿನ ಅಂತರ ದೊಡ್ಡದಿತ್ತು, ಹಿಡಿಯಲಿಲ್ಲ. ನಿಂಗಪ್ಪ ಎಡಗೈಯಿಂದ ಬಲಗೈಯನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು ಕೂತ.

ಎರಡು ದಿನ ಬಿಟ್ಟು ನಾನು ಡಾಕ್ಟರ ಹತ್ತಿರ ಹೋದೆ. ಹೆಬ್ಬೆರಳಿಗೆ ಕರೆಂಟ್ ಹೊಡೆದಂತಾಯಿತು ಎಂದು ಅವನು ಅಂದಾಗಲೇ ನನಗೆ ಅನುಮಾನ ಬಂದಿತ್ತು, ಆ ಜಾಗದಲ್ಲಿ ಹಾದು ಹೋಗುವ ನರವನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ ಎಂದು ಹೇಳಿಬಿಟ್ಟೆ.

"ಮತ್ತ ಯಾಕ ಹೇಳ್ಲಿಲ್ಲ?"

"ನೀವು ಕೇಳೂ ಹಂಗ ಇರ್ಲಿಲ್ರಿ."

ಕೋಣೆಯ ಈ ತುದಿಯಿಂದ ಆ ತುದಿಗೆ ಎರಡು ಸಲ ನಡೆದರು. "ಇನ್ನ ಮ್ಯಾಲೆ ಕೇಳ್ತೇನಿ. ಹೇಳ್ರಿ" ಎಂದರು. ಅಂದಿನಿಂದ ಆಪರೇಷನ್ ಕೋಣೆಯಲ್ಲಿ ಒಂದು ನಿಯಮವಾಯಿತು. ಕಂಡದ್ದನ್ನು ಹೇಳಬೇಕು, ನೆಲ ಒರೆಸುವ ಆಯಾ ಆದರೂ ಸರಿ.

ಆಮೇಲಿನ ಅವರ ಚಡಪಡಿಕೆಯೇ ಬೇರೆ. ಗಡಿಯಾರ ನೋಡುವುದನ್ನು ಬಿಟ್ಟರು. ಆದರೆ ನಡೆಯುವುದು ಹೆಚ್ಚಾಯಿತು. ಊಟದ ನಡುವೆ ಎದ್ದು ಬಂದು, ಮುಂಜಾನೆ ಹೊಲಿಗೆ ಹಾಕಿದ ರೋಗಿಯ ಬೆರಳು ಅಲುಗುತ್ತದೆಯೇ ಎಂದು ನೋಡಿ ಹೋಗುತ್ತಿದ್ದರು. ದಾರಿಯಲ್ಲಿ, ಸಂತೆಯಲ್ಲಿ, ಬಸ್ಸಿನಲ್ಲಿ ಯಾರ ಮೈಮೇಲೆ ಗಂಟು ಕಂಡರೂ ಮಾತಾಡಿಸುತ್ತಿದ್ದರು. ಹಳಿಯಾಳದ ಬಸ್ಸಿನಲ್ಲಿ ಒಬ್ಬ ಹೆಂಗಸಿನ ಕುತ್ತಿಗೆಯ ಗಂಟಿನ ವಿಚಾರ ಕೇಳಲು ಹೋಗಿ, ಅವಳ ಗಂಡನಿಂದ ಪೆಟ್ಟು ತಿನ್ನುವುದು ಸ್ವಲ್ಪದರಲ್ಲಿ ತಪ್ಪಿತು. "ಗಂಟಿಗೂ ಒಂದು ಊರು ಇರತೈತಿ, ಸಿಸ್ಟರ್. ಕತ್ತಿ ಹಿಡಿಯೂಕಿಂತ ಮೊದ್ಲ ಯಾವ ಊರಿಂದ ಬಂದಿ ಅಂತ ಕೇಳಬೇಕು" ಎನ್ನುತ್ತಿದ್ದರು. ಚರ್ಮದ್ದೋ, ಕೊಬ್ಬಿನದೋ, ಎಲುಬಿನದೋ, ನರದ್ದೋ. ನರದ ಗಂಟು ಅಡ್ಡಕ್ಕೆ ಸರಿಯುತ್ತದೆ, ನರದ ಉದ್ದಕ್ಕೆ ಸರಿಯುವುದಿಲ್ಲ. ಮೇಲೆ ಬೆರಳಿನಿಂದ ತಟ್ಟಿದರೆ ದೂರದಲ್ಲೆಲ್ಲೋ ಜುಮ್ಮೆನ್ನುತ್ತದೆ. ಇಷ್ಟು ನೋಡಲು ಒಂದು ನಿಮಿಷವೂ ಬೇಡ. ಆ ಒಂದು ನಿಮಿಷವನ್ನು ತಾನು ಕೊಡಲಿಲ್ಲವಲ್ಲ ಎಂಬುದು ಅವರನ್ನು ಕೂರಗೊಡುತ್ತಿರಲಿಲ್ಲ.

ಎಷ್ಟೋ ವರ್ಷಗಳ ನಂತರ, ಮುಂಡಗೋಡದಲ್ಲಿ ಟಿಬೆಟನ್ ಕಾಲೊನಿ ಹೊಸದಾಗಿ ಎದ್ದಾಗ, ಅಲ್ಲಿಯೂ ಕೆಲವು ಸಲ ಹೋಗಿದ್ದೆವು. ಒಬ್ಬ ಮುದುಕನ ಕುತ್ತಿಗೆಯ ಬದಿಯಲ್ಲಿ ಅಂಥದೇ ಗಂಟು. ಹಿಂದಿ ಬಲ್ಲ ಅವರ ಹುಡುಗಿಯೊಬ್ಬಳು ನಡುವೆ ನಿಂತು ಮಾತು ದಾಟಿಸಿದಳು. ಊರು ಬಿಟ್ಟು ಬರುವಾಗಲೂ ಅದು ಇತ್ತಂತೆ, ನೋವಿಲ್ಲವಂತೆ. ಡಾಕ್ಟರು ಬಹಳ ಹೊತ್ತು ಮುಟ್ಟಿ ನೋಡಿ, ತೋಳು ಎತ್ತಿಸಿ, ಬೆರಳು ಮಡಿಸಿ, ಇದನ್ನು ಕೊಯ್ಯಬಾರದು, ಹೀಗೇ ಇರಲಿ ಎಂದರು. ಇಷ್ಟು ದೂರ ನಡೆದು ಬಂದ ಗಂಟನ್ನು ಹಿಂದಕ್ಕೆ ಕಳಿಸುವುದು ಬೇಡ ಎಂದು ಮುದುಕ ನಕ್ಕ. ಆ ಮಾತು ಡಾಕ್ಟರಿಗೆ ಎಷ್ಟು ಹಿಡಿಸಿತೆಂದರೆ, ಹಿಂದಿರುಗುವ ದಾರಿಯುದ್ದಕ್ಕೂ ಅದನ್ನೇ ಹೇಳಿಕೊಂಡು ನಗುತ್ತಿದ್ದರು.

ನಿಂಗಪ್ಪನ ವಿಷಯಕ್ಕೆ ಹಿಂದಿರುಗುತ್ತೇನೆ. ಬಡಿಗನಿಂದ ಮಾಡಿಸಿದ ಮರದ ಪಟ್ಟಿ ಕಟ್ಟಿಕೊಂಡರೆ ಕೈ ನೆಟ್ಟಗಿರುತ್ತಿತ್ತು. ಆದರೆ ಕತ್ತಿ ಆಡುತ್ತಿರಲಿಲ್ಲ. ಎಡಗೈಯಲ್ಲಿ ಕಲಿ ಎಂದು ಡಾಕ್ಟರು ಹೇಳಿದರು. ಕಲಿಯಲು ಯಾರಾದರೂ ಗಲ್ಲ ಒಡ್ಡಬೇಕಲ್ಲ. ದಿನಾ ಬೆಳಿಗ್ಗೆ ಆಸ್ಪತ್ರೆಯ ಹಿಂದಿನ ಪಡಸಾಲೆಯಲ್ಲಿ ಡಾಕ್ಟರೇ ಒಡ್ಡಿದರು. ಮೊದಲ ಒಂದೆರಡು ತಿಂಗಳು ಅವರ ಗಲ್ಲ, ಗದ್ದದ ಮೇಲೆ ಹತ್ತಿಯ ತುಣುಕುಗಳು ಅಂಟಿಕೊಂಡಿರುತ್ತಿದ್ದವು. ರೋಗಿಗಳು ನೋಡಿ ನಗೆ ತಡೆದುಕೊಳ್ಳುತ್ತಿದ್ದರು. ಅಷ್ಟು ಹೊತ್ತು ಅವರು ಅಲ್ಲಾಡದೆ ಇರುತ್ತಿದ್ದರು. ಪಾದ ಮಾತ್ರ ಕೆಳಗೆ ಕುಣಿಯುತ್ತಿತ್ತು. ಅವರಿಬ್ಬರೂ ಒಂದು ಮಾತೂ ಆಡುತ್ತಿರಲಿಲ್ಲ. ಮೂರು ವರ್ಷ ಹಾಗೇ ನಡೆಯಿತು.

ಆ ಮೂರನೆಯ ವರ್ಷ ಗಂಗವ್ವ ಬಂದಳು.

ಸಾಂಬ್ರಾಣಿಯವಳು, ಒಕ್ಕಲುತನದ ಮನೆಯ ಸೊಸೆ. ಅಣ್ಣನ ಜೊತೆ ಬಂದವಳು ಒಳಗೆ ಬಾರದೆ ಗೇಟಿನ ಹೊರಗೆ ಹುಣಸೆ ಮರದ ಕೆಳಗೆ ನಿಂತಿದ್ದಳು. ಅತ್ತಿಂದಿತ್ತ ನಡೆಯುತ್ತಿದ್ದ ಡಾಕ್ಟರ ಕಣ್ಣಿಗೆ ಬಿದ್ದಳು. ಒಳಗೆ ಬಾ ಎಂದರೆ, ತನಗೆ ದೊಡ್ಡ ರೋಗ ಐತಿ ಎಂದು ಹೇಳಿ ನಿಂತಲ್ಲೇ ನಿಂತಳು. ವಿಷಯ ಇಷ್ಟು. ಬಲಗೈಯ ಕಿರುಬೆರಳು, ಅದರ ಪಕ್ಕದ ಬೆರಳಿನ ಅರ್ಧ ಜೋಮು ಹಿಡಿದಿದ್ದವು. ಊರೂರು ತಿರುಗಿ ಕುಷ್ಠರೋಗದ ತಪಾಸಣೆ ಮಾಡುವ ನೌಕರ ಅವಳ ಮೊಣಕೈಯ ಹತ್ತಿರ ನರ ದಪ್ಪವಾಗಿದ್ದುದನ್ನು ಮುಟ್ಟಿ ನೋಡಿ, ಹೆಸರು ಬರೆದುಕೊಂಡು ಬಿಳಿ ಗುಳಿಗೆ ಕೊಟ್ಟಿದ್ದ. ಒಂದೂವರೆ ವರ್ಷ ನುಂಗಿದ್ದಳು. ಅಷ್ಟು ದಿನವೂ ಅವಳ ವಾಸ ಹೊಲದ ಗುಡಿಸಲಿನಲ್ಲಿ. ರೊಟ್ಟಿಯನ್ನು ಬದುವಿನ ಮೇಲೆ ಇಟ್ಟು ಹೋಗುತ್ತಿದ್ದರು. ಆರು ವರ್ಷದ ಮಗಳನ್ನೂ ಎರಡೂವರೆ ವರ್ಷದ ಮಗನನ್ನೂ ಅತ್ತೆ ದೂರದಿಂದ ತೋರಿಸುತ್ತಿದ್ದಳು. ಮಗನಿಗೆ ಈಗ ತಾಯಿಯ ಗುರುತಿಲ್ಲ ಎಂದು ಅವಳ ಅಣ್ಣ ಹೇಳಿದ.

ಡಾಕ್ಟರು ಮರದ ಕೆಳಗೇ ಅವಳನ್ನು ಪರೀಕ್ಷಿಸಿದರು. ಮೈಮೇಲೆ ಎಲ್ಲೂ ಮಚ್ಚೆಯಿಲ್ಲ. ಕುತ್ತಿಗೆ, ಎಡಗೈ, ಮೊಣಕಾಲಿನ ಹತ್ತಿರದ ನರಗಳೆಲ್ಲ ಸರಿಯಾಗಿವೆ. ಬಲ ಮೊಣಕೈಯ ತುಸು ಮೇಲೆ, ತೋಳಿನ ಒಳಬದಿಯಲ್ಲಿ ಮಾತ್ರ ಒಂದು ಗಂಟು. ಅದನ್ನು ಅಡ್ಡಕ್ಕೆ ಸರಿಸಿದರು, ಸರಿಯಿತು. ಉದ್ದಕ್ಕೆ ಸರಿಸಿದರು, ಸರಿಯಲಿಲ್ಲ. ಬೆರಳಿನಿಂದ ತಟ್ಟಿದರು. ಗಂಗವ್ವ ಕಿರುಬೆರಳನ್ನು ಥಟ್ಟನೆ ಹಿಡಿದುಕೊಂಡಳು. ನಿಂಗಪ್ಪನಿಗಿದ್ದಂಥದೇ ನರದ ಗಂಟು.

ಅವಳಿಗೆ ಆ ರೋಗವಿಲ್ಲ ಎಂದು ಅಲ್ಲಿಯೇ ಹೇಳಿದರು. ತಪಾಸಣೆಯವನನ್ನು ದೂರಲಿಲ್ಲ. ನರ ದಪ್ಪವಾಗಿ ಬೆರಳು ಜೋಮು ಹಿಡಿದರೆ ನಮ್ಮ ಕಡೆ ಹೆಚ್ಚಿನಂಶ ಅದೇ ಇರುತ್ತದೆ, ಇದು ಅಪರೂಪದ್ದು ಎಂದರು. ಆ ರೋಗ ಇದ್ದಿದ್ದರೂ ಮನೆಯಿಂದ ಹೊರಗೆ ಹಾಕುವುದು ತಪ್ಪೇ ಎಂದು ಅವಳ ಅಣ್ಣನಿಗೆ ಗಟ್ಟಿಯಾಗಿ ಹೇಳಿದರು. ಅವಳನ್ನು ವಾರ್ಡಿಗೆ ಸೇರಿಸಿ, ಎಲ್ಲರ ಸಾಲಿನಲ್ಲೇ ಹಾಸಿಗೆ ಕೊಡಿಸಿದರು. ಆದರೆ ಆಪರೇಷನ್ ಎಂದು? ಅದನ್ನು ಮಾತ್ರ ಹೇಳಲಿಲ್ಲ.

ಎರಡು ಸಲ ದಿನ ಗೊತ್ತು ಮಾಡಿ ಎರಡು ಸಲವೂ ಮುಂದೂಡಿದರು. ಆ ದಿನಗಳಲ್ಲಿ ಅವರನ್ನು ನೋಡುವುದೇ ಕಷ್ಟವಾಗಿತ್ತು. ಪುಸ್ತಕ ತೆರೆಯುವರು, ಮುಚ್ಚುವರು, ಗೇಟಿನ ತನಕ ಹೋಗಿ ತಿರುಗಿ ಬರುವರು. ಮಟನ್ ಅಂಗಡಿಯಿಂದ ಆಡಿನ ಕಾಲು ತರಿಸತೊಡಗಿದರು. ಅದರ ತೊಡೆಯ ನರವನ್ನು ಬಿಡಿಸಿ, ಹೊದಿಕೆಯನ್ನು ಮಾತ್ರ ಉದ್ದಕ್ಕೆ ಸೀಳಿ, ಒಳಗಿನ ಎಳೆಗಳನ್ನು ಬೇರ್ಪಡಿಸುವ ಅಭ್ಯಾಸ ನಡೆಯಿತು. ಬಜಾರಿನ ಗಡಿಯಾರ ರಿಪೇರಿಯವನ ಹತ್ತಿರ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ಕೇಳಿ ತಂದರು. ಅವರು ಸಸ್ಯಾಹಾರಿ. ಡಾಕ್ಟರು ಈಗ ವಾರಕ್ಕೆ ನಾಲ್ಕು ಕಾಲು ತಿನ್ನುತ್ತಾರಂತೆ ಎಂದು ಊರಲ್ಲಿ ಸುದ್ದಿಯಾಯಿತು.

ಮೂರನೆಯ ಸಲ ದಿನ ಗೊತ್ತು ಮಾಡುವ ಮುಂಚೆ, ಬೆಳಗಿನ ಕ್ಷೌರ ಮುಗಿದಾಗ, ಅವರು ಮೊದಲ ಬಾರಿ ನಿಂಗಪ್ಪನ ಹತ್ತಿರ ಮಾತೆತ್ತಿದರು. ವಾರ್ಡಿನಲ್ಲಿರುವ ಹೆಣ್ಣುಮಗಳಿಗೆ ನಿನ್ನ ಕೈ ತೋರಿಸು, ಇದು ಯಾರಿಂದ ಹೇಗಾಯಿತು ಎಂದು ಹೇಳು, ತಿಳಿದ ಮೇಲೆ ಅವಳು ಒಪ್ಪಿದರೆ ಮಾಡುತ್ತೇನೆ ಎಂದರು. ನಾನು ಪಕ್ಕದಲ್ಲೇ ಬಟ್ಟೆ ಎಣಿಸುತ್ತಿದ್ದೆ. ನಿಂಗಪ್ಪ ಕತ್ತಿಯನ್ನು ಒರೆಸಿ ಮಡಿಸಿದ.

"ಸಾಹೇಬ್ರ, ಮೂರು ವರ್ಷ ನಾ ಏನೂ ಅಂದಿಲ್ಲ. ಇವತ್ತ ಅಂತೀನಿ. ನಿಮ್ಮ ಮನಸಿನ ಭಾರ ಇಳಸ್ಕೊಳ್ಳಾಕ ನನ್ನ ಕೈ ಯಾಕ ಬೇಕು? ನಿಮಗ ಬಾಯಿ ಐತೆಲ್ಲ. ನೀವ ಹೇಳ್ರಿ."

ಹೇಳಿ ತನ್ನ ಪೆಟ್ಟಿಗೆ ಎತ್ತಿಕೊಂಡು ಹೋದ. ಡಾಕ್ಟರ ಒಂದು ಕಿವಿಯ ಹತ್ತಿರ ಸೋಪಿನ ನೊರೆ ಹಾಗೇ ಉಳಿದಿತ್ತು. ಅದನ್ನು ಒರೆಸಿಕೊಳ್ಳದೆ ವಾರ್ಡಿಗೆ ನಡೆದರು. ನಾನೂ ಹಿಂದೆ ಹೋದೆ. ಗಂಗವ್ವನ ಹಾಸಿಗೆಯ ಮುಂದೆ ನಿಂತು ಎಲ್ಲವನ್ನೂ ಹೇಳಿದರು. ಹಿಂದೆ ಇಂಥದೇ ಗಂಟು ತೆಗೆಯಲು ಹೋಗಿ ಒಬ್ಬನ ಕೈ ಕೆಡಿಸಿದ್ದೇನೆ, ಈ ಸಲ ಹಾಗಾಗಬಾರದೆಂದು ಇಷ್ಟು ದಿನ ಕಲಿತಿದ್ದೇನೆ, ಆದರೂ ಆಗುವುದೇ ಇಲ್ಲ ಎಂದು ಮಾತು ಕೊಡಲಾರೆ, ಗಂಟು ಇದ್ದರೆ ಜೀವಕ್ಕೇನೂ ಅಪಾಯವಿಲ್ಲ, ಬೇಡವೆಂದರೆ ಹಾಗೇ ಬಿಡೋಣ ಎಂದರು. ಒಬ್ಬ ಸರ್ಜನ್ ರೋಗಿಯ ಮುಂದೆ ಹಾಗೆ ಮಾತಾಡಿದ್ದನ್ನು ನಾನು ಮುಂಚೆ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ.

ಗಂಗವ್ವ ಯೋಚನೆ ಮಾಡಲು ಹೊತ್ತು ತೆಗೆದುಕೊಳ್ಳಲಿಲ್ಲ.

"ಕೈ ಹೋದ್ರ ಹೋಗ್ಲಿ ಯಪ್ಪಾ. ಆ ಗಂಟು ತಗದು ಬಾಟ್ಲ್ಯಾಗ ಹಾಕಿ ಕೊಡ್ರಿ. ಇದು ಗಂಟು, ರೋಗ ಅಲ್ಲ ಅಂತ ನಮ್ಮತ್ತಿಗೆ ತೋರಸ್ತೀನಿ. ಇನ್ನೊಂದು ವರ್ಷ ಹೋದ್ರ ನನ್ನ ಮಗ ನನ್ನ ಕಂಡು ಹೆದರತೈತಿ."

ಆಪರೇಷನ್ನಿನ ದಿನ ನಿಂಗಪ್ಪ ಬರುತ್ತಾನೋ ಇಲ್ಲವೋ ಎಂದು ನಾನೇ ಕತ್ತಿ ಹುಡುಕಿ ಇಟ್ಟಿದ್ದೆ. ಬಂದ. ಅವಳ ತೋಳನ್ನು ಸ್ವಚ್ಛ ಮಾಡುವಾಗ ಅವಳು ಅವನ ಜೋತ ಕೈಯನ್ನು ನೋಡಿದಳು. ಕೇಳಲಿಲ್ಲ. ಅವನೇ ತಲೆ ಎತ್ತದೆ, "ಹೌದು ತಂಗಿ, ಅದ ಕೈ. ಅವಾಗ ಅವರಿಗೆ ಭಾಳ ಗಡಿಬಿಡಿ ಇತ್ತು. ಈಗ ಇಲ್ಲ" ಎಂದ.

ಹಳಿಯಾಳದಿಂದ ಬಂದ ಇನ್ನೊಬ್ಬ ಡಾಕ್ಟರು ಈಥರ್ ಕೊಟ್ಟರು. ನಮ್ಮ ಡಾಕ್ಟರು ಒಂದು ಟಾರ್ಚ್ ಸೆಲ್ಲಿಗೆ ಎರಡು ತೆಳು ತಂತಿ ಜೋಡಿಸಿದ್ದರು. ತಂತಿಯ ತುದಿಗಳನ್ನು ಕುದಿಸಿ ಇಟ್ಟಿದ್ದೆವು. ಚಿಮುಟ ಕೊಡುವ ಕೆಲಸವನ್ನು ಕಿರಿಯ ನರ್ಸಿಗೆ ಒಪ್ಪಿಸಿ, ನನ್ನನ್ನು ಗಂಗವ್ವನ ಅಂಗೈ ಹಿಡಿದು ಕೂರಲು ಹೇಳಿದರು. ಅವರು ತಂತಿಯ ತುದಿಯನ್ನು ಗಂಟಿನ ಮೇಲೆ ಒಂದೊಂದೇ ಕಡೆ ಮುಟ್ಟಿಸುವರು. ಬೆರಳು ಅಲುಗಿದರೆ ಅಲ್ಲಿ ಜೀವಂತ ಎಳೆ ಇದೆ ಎಂದರ್ಥ, ಅಲ್ಲಿ ಕತ್ತಿ ಹಾಕುವಂತಿಲ್ಲ. ಅಲುಗದಿದ್ದರೆ ಅಲ್ಲಿ ದಾರಿ ಇದೆ. ನಾನು ಅಲುಗಿತು, ಇಲ್ಲ ಎಂದು ಹೇಳುತ್ತಾ ಹೋಗಬೇಕು.

ಚರ್ಮ ಬಿಡಿಸಿದಾಗ ಕಂಡದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಬಿಳಿಯ ನರ ನಡುವೆ ಉಬ್ಬಿತ್ತು. ಅದರ ಎಳೆಗಳು ಗಂಟಿನ ಮೇಲೆ ಹರಡಿಕೊಂಡು, ಕಲ್ಲನ್ನು ಅಪ್ಪಿದ ಬೇರುಗಳ ಹಾಗೆ ಕಾಣುತ್ತಿದ್ದವು. ಅಲುಗಿತು. ಅಲುಗಿತು. ಇಲ್ಲ. ಅಲುಗಿತು. ಕೊನೆಗೆ ಒಂದು ಬದಿಯಲ್ಲಿ ನಾಲ್ಕೈದು ಸಲ ಮುಟ್ಟಿಸಿದರೂ ಬೆರಳು ಸುಮ್ಮನಿತ್ತು. ಅಲ್ಲಿ ಉದ್ದಕ್ಕೆ ಗೀರು ಹಾಕಲು ಕತ್ತಿ ಇಳಿಸಿದಾಗ ನನ್ನ ಕೈಯೊಳಗೆ ಏನೋ ಮಿಸುಕಿದಂತಾಯಿತು. ಬಹಳ ಸಣ್ಣಗೆ, ಮೊಟ್ಟೆಯೊಳಗಿನ ಮರಿಯಂತೆ.

"ಸರ್, ನಿಲ್ರಿ. ಕಿರುಬೆರಳು."

ಕತ್ತಿ ನಿಂತಿತು. ಭೂತಗನ್ನಡಿಯಲ್ಲಿ ಬಗ್ಗಿ ನೋಡಿದರು. ಕೂದಲಿನಷ್ಟು ತೆಳ್ಳಗಿನ ಒಂದು ಎಳೆ ಅಲ್ಲಿ ಹಾದುಹೋಗಿತ್ತು. ಅದನ್ನು ಪಕ್ಕಕ್ಕೆ ಸರಿಸಿ, ಅದರ ಈಚೆಗೆ ಹೊದಿಕೆಯನ್ನು ಸೀಳಿದರು. ರಕ್ತ ತಡೆಯಲು ತೋಳಿಗೆ ಬಿಗಿದಿದ್ದ ರಬ್ಬರ್ ಪಟ್ಟಿಯನ್ನು ನಡುವೆ ಸಡಿಲಿಸಿ, ರಕ್ತ ಹರಿಯಲು ಬಿಟ್ಟು, ಕಾದು, ಮತ್ತೆ ಬಿಗಿದರು. ಎರಡು ಗಂಟೆಯಾಗುತ್ತಾ ಬಂತು. ಹೊರಗೆ ಮಳೆ ಹಿಡಿದಿತ್ತು. ಕರೆಂಟು ಹೋದೀತೇ ಎಂದು ಎಲ್ಲರೂ ದೀಪದ ಕಡೆಗೆ ನೋಡುವವರೇ. ಹೊದಿಕೆಯ ಬಾಯಿ ಅಗಲವಾದಾಗ ಅವರು ಗಂಟಿನ ಕೆಳಗೆ ಮೊಂಡು ಚಿಮುಟ ಹಾಕಿ ಮೆಲ್ಲನೆ ಎತ್ತಿದರು. ಹಲಸಿನ ಬೀಜ ತನ್ನ ಪೊರೆಯಿಂದ ಜಾರಿ ಬರುವ ಹಾಗೆ, ಹಳದಿ ಬಣ್ಣದ ನುಣ್ಣನೆಯ ಗಂಟು ಇಡಿಯಾಗಿ ಹೊರಬಂತು. ಕೆಳಗೆ ನರದ ಎಳೆಗಳು ಹಾಗೇ ಇದ್ದವು. ತಂತಿ ಮುಟ್ಟಿಸಿದರು. ಬೆರಳು ಅಲುಗಿತು ಎಂದೆ. ಮತ್ತೊಮ್ಮೆ ಹೇಳ್ರಿ ಎಂದರು. ಮತ್ತೊಮ್ಮೆ ಹೇಳಿದೆ.

ಸಂಜೆ ಎಚ್ಚರವಾದಾಗ ಗಂಗವ್ವ ಮೊದಲು ಕೇಳಿದ್ದು ಕೈಯನ್ನಲ್ಲ, ಬಾಟಲಿಯನ್ನು.

ಇದಾಗಿ ಕೆಲವು ತಿಂಗಳ ಮೇಲೆ ನಿಂಗಪ್ಪ ತಾನಾಗಿಯೇ ಬಂದು, ತನ್ನ ಕೈಗೂ ಏನಾದರೂ ಉಪಾಯ ಇದೆಯೇ ಎಂದು ಕೇಳಿದ. ಉಪಾಯ ಇದೆ ಎಂದು ಡಾಕ್ಟರಿಗೆ ಮೊದಲಿನಿಂದಲೂ ಗೊತ್ತಿತ್ತು. ಅವನನ್ನು ಕೇಳುವ ಧೈರ್ಯ ಇರಲಿಲ್ಲ. ದಕ್ಷಿಣದ ಒಂದು ದೊಡ್ಡ ಆಸ್ಪತ್ರೆಯಲ್ಲಿ, ಕುಷ್ಠದಿಂದ ಕೈ ಸೋತವರಿಗೆ, ಕೆಲಸ ಮಾಡುವ ಸ್ನಾಯುವಿನ ತುದಿಯನ್ನು ಬಿಡಿಸಿ ಸೋತ ಕಡೆಗೆ ಜೋಡಿಸುತ್ತಿದ್ದರು. ಡಾಕ್ಟರು ರಜೆ ಹಾಕಿ ಹೋಗಿ ಒಂದು ತಿಂಗಳು ಅದನ್ನು ಕಲಿತು ಬಂದು ನಿಂಗಪ್ಪನಿಗೆ ಮಾಡಿದರು. ಮಣಿಕಟ್ಟು ಎದ್ದು ನಿಂತಿತು, ಪೂರ್ತಿಯಲ್ಲ, ಆದರೂ ಸಾಕಷ್ಟು. ಅಷ್ಟು ಹೊತ್ತಿಗೆ ಅವನ ಎಡಗೈ ಎಷ್ಟು ಪಳಗಿತ್ತೆಂದರೆ, ಕತ್ತಿಯನ್ನು ಅವನು ಮತ್ತೆ ಬಲಗೈಗೆ ಕೊಡಲೇ ಇಲ್ಲ. ಬಲಗೈ ಗಿರಾಕಿಯ ಗಲ್ಲವನ್ನು ಬಿಗಿಯಾಗಿ ಹಿಡಿಯುತ್ತಿತ್ತು. ಅವರಿಬ್ಬರ ನಡುವೆ ಆಮೇಲೆ ಮಾತು ಶುರುವಾಯಿತು, ಹೆಚ್ಚಾಗಿ ಮಳೆ ಬೆಳೆಯ ಮಾತು.

ಗಂಗವ್ವನ ಕಥೆ ಮಾತ್ರ ಆಪರೇಷನ್ನಿಗೆ ಮುಗಿಯಲಿಲ್ಲ. ಗಂಟಿನ ಅರ್ಧ ಪ್ರಯೋಗಾಲಯಕ್ಕೆ ಹೋಗಿತ್ತು. ಉಳಿದರ್ಧದ ಬಾಟಲಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಸಾಂಬ್ರಾಣಿಗೆ ಹೋದವಳು ಮೂರೇ ದಿನಕ್ಕೆ ತಿರುಗಿ ಬಂದಳು. ಆ ಡಾಕ್ಟರು ಆಡಿನ ಕಾಲು ತರಿಸುತ್ತಾನಂತೆ, ಇದು ಅದರದೇ ಮಾಂಸ ಇರಬೇಕು ಎಂದಿದ್ದಳು ಅತ್ತೆ. ಸರ್ಕಾರದ ಪುಸ್ತಕದಲ್ಲಿ ಹೆಸರು ಇರುವ ತನಕ ಮನೆಯೊಳಗೆ ಸೇರಿಸುವುದಿಲ್ಲ ಎಂದು ಗಂಡನೂ ಹೇಳಿಬಿಟ್ಟಿದ್ದ.

ಪ್ರಯೋಗಾಲಯದ ವರದಿ ಹಿಡಿದು ಡಾಕ್ಟರು ಹಳಿಯಾಳದ ಕುಷ್ಠರೋಗ ತಪಾಸಣೆಯ ಕಚೇರಿಗೆ ಓಡಾಡತೊಡಗಿದರು. ಅಲ್ಲಿಂದ ಕಾರವಾರಕ್ಕೆ. ಕಾರವಾರದಿಂದ ಮತ್ತೆ ಹಳಿಯಾಳಕ್ಕೆ. ಗುಮಾಸ್ತ ಒಳ್ಳೆಯವನೇ. ಅವನ ತೊಂದರೆ ಬೇರೆ. ಪುಸ್ತಕದಲ್ಲಿ ಸತ್ತವರಿಗೆ ಒಂದು ಕಾಲಂ ಇತ್ತು, ಊರು ಬಿಟ್ಟವರಿಗೆ ಒಂದು, ಗುಣವಾದವರಿಗೆ ಒಂದು. ರೋಗವೇ ಇರಲಿಲ್ಲ ಎನ್ನುವವರಿಗೆ ಕಾಲಂ ಇರಲಿಲ್ಲ. ಗುಣವಾಗಿದೆ ಎಂದು ಬರೆದು ನೀವು ಸಹಿ ಹಾಕಿದರೆ ಇವತ್ತೇ ಹೆಸರು ಹೊಡೆದು ಹಾಕುತ್ತೇನೆ ಎಂದ. ಡಾಕ್ಟರು ಒಪ್ಪಲಿಲ್ಲ. ಇಲ್ಲದ ರೋಗ ಗುಣವಾಗುವುದು ಹೇಗೆ, ನಾಳೆ ಇದನ್ನೇ ಹಿಡಿದು ಅವಳ ಮಗಳ ಮದುವೆಗೆ ಅಡ್ಡ ಬರುವುದಿಲ್ಲವೇ ಎಂದು ಮೇಜು ಬಡಿದರು. ಹೀಗೆ ಎರಡು ತಿಂಗಳು ಹೋಯಿತು. ಗಂಗವ್ವ ಅಷ್ಟು ದಿನ ನಮ್ಮ ಆಸ್ಪತ್ರೆಯಲ್ಲೇ ಪಾತ್ರೆ ಬಟ್ಟೆ ತೊಳೆದುಕೊಂಡು ಇದ್ದಳು. ಕಿರುಬೆರಳಿನ ಜೋಮು ನಿಧಾನಕ್ಕೆ ಬಿಡುತ್ತಿತ್ತು.

ಒಂದು ದಿನ ಮತ್ತೆ ಹಳಿಯಾಳಕ್ಕೆ ಹೊರಟ ಡಾಕ್ಟರಿಗೆ ಅವಳೇ ಗೇಟಿನಲ್ಲಿ ಅಡ್ಡ ನಿಂತಳು.

"ಗುಣ ಆತು ಅಂತ ಬರೀರಿ ಯಪ್ಪಾ."

"ಅದು ಸುಳ್ಳಾಗತೈತಿ, ಗಂಗವ್ವ."

"ಆಗ್ಲಿ ಬಿಡ್ರಿ. ಖರೇ ಏನು ಅಂತ ನಿಮಗ ಗೊತ್ತೈತಿ, ನನಗ ಗೊತ್ತೈತಿ. ನನಗ ಮನೀಗೆ ಹೋಗೂದೈತಿ."

ನಾನೂ ಜೊತೆಗೆ ಹೋದೆ. ಡಾಕ್ಟರು ಆ ದಿನ ದಾರಿಯಲ್ಲಿ ಎಲ್ಲೂ ಬಸ್ಸಿನಿಂದ ಇಳಿಯಲಿಲ್ಲ. ಕಿಟಕಿಯ ಸರಳನ್ನು ಹಿಡಿದು ಹಳಿಯಾಳದವರೆಗೆ ಹಾಗೇ ಇದ್ದರು. ಕಚೇರಿಯಲ್ಲಿ ಗುಮಾಸ್ತ ಪುಸ್ತಕ ತಿರುಗಿಸಿ ಇಟ್ಟ. 'ಗುಣವಾಗಿದೆ' ಎಂದು ಬರೆದು ಸಹಿ ಹಾಕಿದರು. ಹೊರಗೆ ಬಂದ ಮೇಲೆ, ಇಷ್ಟು ದಿನ ಆಕೆಯನ್ನು ಹಿಡಿದಿಟ್ಟವನು ನಾನೇ ಎಂದು ಒಂದು ಮಾತು ಹೇಳಿದರು, ಅಷ್ಟೇ. ಮರುದಿನ ಅವಳ ಅಣ್ಣ ಬಂದು ಕರೆದುಕೊಂಡು ಹೋದ. ಹೋದವಳಿಂದ ಸುದ್ದಿ ಬರಲಿಲ್ಲ. ಡಾಕ್ಟರು ಸಾಂಬ್ರಾಣಿಯ ಕಡೆಯ ರೋಗಿ ಬಂದಾಗಲೆಲ್ಲ ಗೇಟಿನ ತನಕ ಹೋಗಿ ರಸ್ತೆ ನೋಡಿ ಬರುತ್ತಿದ್ದರು.

ಸುಗ್ಗಿ ಮುಗಿದ ಮೇಲೆ, ರೋಗಿಗಳು ತುಂಬಿದ್ದ ಒಂದು ಬೆಳಿಗ್ಗೆ ಅವಳು ಬಂದಳು. ಗೇಟಿನ ಹೊರಗೆ ನಿಲ್ಲಲಿಲ್ಲ. ನೇರ ಒಳಗೆ ಬಂದು ಬೆಂಚಿನ ಮೇಲೆ ಕೂತಳು. ಮಗ ಅವಳ ಬಲ ತೋಳಿನ ಮೇಲೆ ತಲೆಯಿಟ್ಟು ಬಾಯಿ ತೆರೆದು ನಿದ್ದೆ ಮಾಡುತ್ತಿದ್ದ. ನಾನು ಒಳಗೆ ಹೋಗಿ ಹೇಳುವಷ್ಟರಲ್ಲಿ ಡಾಕ್ಟರು ಎದುರಿಗೆ ಬಂದಾಗಿತ್ತು. ಕೈ ತೋರಿಸು ಎಂದರು.

"ಕೂಸು ಮಲಗೇತ್ರಿ. ಎದ್ದ ಮ್ಯಾಲೆ ನೋಡ್ರಿ" ಎಂದಳು.

ಅವರು ಒಳಗೆ ಹೋಗಿ ಒಬ್ಬ ರೋಗಿಯನ್ನು ನೋಡಿ ಬಂದರು. ಕೂಸು ಎದ್ದಿರಲಿಲ್ಲ. ಇನ್ನೊಬ್ಬರನ್ನು ನೋಡಿ ಬಂದರು. ಜೋರಾಗಿ ಮಾತಾಡುತ್ತಿದ್ದ ಇಬ್ಬರಿಗೆ ಕೈಸನ್ನೆ ಮಾಡಿ ಸುಮ್ಮನಿರಿಸಿದರು. ಮೂರನೆಯ ಸಲ ಬಂದವರು ಹೋಗಲಿಲ್ಲ. ಕಂಬಕ್ಕೆ ಒರಗಿ ಕೂಸಿನ ಮುಖ ನೋಡುತ್ತಾ ನಿಂತರು.

ಕೂಸು ಎದ್ದು ಪಿಳಿಪಿಳಿ ನೋಡಿ ತಾಯಿಯ ಸೆರಗು ಹಿಡಿದ ಮೇಲೆ ಗಂಗವ್ವ ತಾನಾಗಿ ಬಲಗೈ ಚಾಚಿದಳು. ಬೆರಳುಗಳನ್ನು ಅಗಲಿಸುವುದೂ ಕೂಡಿಸುವುದೂ ಗಂಟು ಬೆಳೆದಿದ್ದ ಆ ನರದ ಕೆಲಸ. ಡಾಕ್ಟರು ಜೇಬಿನಿಂದ ಒಂದು ಚೀಟಿ ತೆಗೆದು ಅವಳ ಕಿರುಬೆರಳು ಮತ್ತು ಅದರ ಪಕ್ಕದ ಬೆರಳಿನ ನಡುವೆ ಇಟ್ಟು, ಗಟ್ಟಿಯಾಗಿ ಹಿಡಿದುಕೋ ಎಂದರು. ಇನ್ನೊಂದು ತುದಿಯನ್ನು ಹಿಡಿದು ಮೆಲ್ಲಗೆ ಎಳೆದರು. ಬರಲಿಲ್ಲ. ಜೋರಾಗಿ ಎಳೆದರು. ಚೀಟಿ ಹರಿದು ಅರ್ಧ ಅವರ ಕೈಗೆ ಬಂತು. ಉಳಿದರ್ಧವನ್ನು ಗಂಗವ್ವನ ಬೆರಳು ಬಿಡಲಿಲ್ಲ.